ಬೆಳೆಯುವ ಹೈದನ ಅಳತೆ

ಮೇ ತಿಂಗಳ ಕೊನೆಯ ವಾರ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನನ್ನು ಬಿಟ್ಟರೆ ಅತಿ ಹೆಚ್ಚು ಜನ ಮೊರೆಹೋಗುವುದು ಟೈಲರುಗಳಿಗೆ. ಇಬ್ಬರಲ್ಲಿ ದೇವರೇ ವಾಸಿ. ಹರಕೆ ತೀರಿಸುವುದು ತಡವಾದರೂ ಅವನು ತಾಳಿಕೊಳ್ಳುತ್ತಾನೆ. ಟೈಲರು ಹಾಗಲ್ಲ, ಮುಂಗಡ ಇಸಕೊಂಡು, ಚೀಟಿ ಹರಿದು ಕೈಗಿತ್ತು, ‘ಸೋಮವಾರ ಬನ್ನಿ’ ಅನ್ನುತ್ತಾನೆ. ಯಾವ ಸೋಮವಾರ ಎಂಬುದನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತಾನೆ. ನಂಜುಂಡನ ಊರಿನಲ್ಲಿ ಸೋಮವಾರ ಬೇಡ ಅನ್ನುವವರುಂಟೆ? ಎಲ್ಲರೂ ಚೀಟಿ ಜೇಬಿಗಿಳಿಸಿ ಹೋಗುತ್ತಾರೆ.

ಮೇಷ್ಟರ ಕೆಲಸದಿಂದ ನಿವೃತ್ತನಾದ ನನ್ನಂಥವನಿಗೆ ಹೊತ್ತು ಕಳೆಯಲು ಟೈಲರಂಗಡಿಯ ಬೆಂಚಿಗಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ನಡೆಯುವ ಅಳತೆಯ ಕಾರ್ಯಕ್ರಮ ನೋಡುವಂಥದ್ದು. ತಂದೆ ಮಗನನ್ನು ಮುಂದಕ್ಕೆ ತಳ್ಳಿ, ‘ಬೆಳಿಯೋ ಹೈದ ಕಣಪ್ಪ, ವಸಿ ದೊಡ್ಡದಾಗೇ ಹೊಲಿ’ ಅನ್ನುತ್ತಾನೆ. ‘ಎಷ್ಟು ಬೆಳೀತಾನೆ?’ ಎಂದು ಟೈಲರು ಕೇಳುತ್ತಾನೆ. ತಂದೆ ಹುಡುಗನ ತಲೆಯ ಮೇಲೆ ಒಂದು ಗೇಣು ಜಾಗ ಬಿಟ್ಟು ಅಂಗೈ ಹಿಡಿದು ತೋರಿಸುತ್ತಾನೆ. ಟೈಲರು ಹುಡುಗನನ್ನು ಬಿಟ್ಟು ಆ ಗಾಳಿಯ ಅಳತೆ ತೆಗೆದುಕೊಂಡು ಚೀಟಿಯಲ್ಲಿ ಬರೆಯುತ್ತಾನೆ. ಹೀಗೆ ಹೊಲಿದ ಅಂಗಿ ಐದನೇ ಕ್ಲಾಸಿನಲ್ಲಿ ಅಪ್ಪನದು, ಆರನೇ ಕ್ಲಾಸಿನಲ್ಲಿ ತನ್ನದು, ಏಳನೇ ಕ್ಲಾಸಿನಲ್ಲಿ ತಮ್ಮನದು ಅನ್ನಿಸುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಯೂನಿಫಾರಂ ಸರಿಯಾಗಿ ಒಪ್ಪುವುದು ನಡುವಿನ ಆ ಒಂದು ವರ್ಷ ಮಾತ್ರ. ಶಾಲೆಯ ಗ್ರೂಪ್ ಫೋಟೋ ಆ ವರ್ಷವೇ ತೆಗೆದರೆ ಅದು ಅವರ ಪುಣ್ಯ.

ಹೆಣ್ಣುಮಕ್ಕಳ ಲಂಗದ ಕಥೆ ಇನ್ನೂ ಚೆನ್ನ. ಕೆಳಗೆ ನಾಲ್ಕು ಬೆರಳು ಒಳಮಡಿಕೆ ಇಟ್ಟು ಹೊಲಿಸುತ್ತಾರೆ. ಪ್ರತಿ ಜೂನ್‌ಗೆ ಒಂದೊಂದು ಮಡಿಕೆ ಬಿಚ್ಚುತ್ತಾರೆ. ಬಿಸಿಲು ಕಾಣದೆ ಒಳಗೇ ಇದ್ದ ಬಟ್ಟೆ ಕಡುನೀಲಿಯಾಗಿ ಹೊರಬರುತ್ತದೆ, ಮೇಲಿನದು ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಲಂಗದ ಪಟ್ಟಿ ಎಣಿಸಿ ಆ ಹುಡುಗಿ ಎಷ್ಟನೇ ಕ್ಲಾಸು ಎಂದು ಹೇಳಬಹುದಾಗಿತ್ತು. ನಾನು ಹಾಜರಿ ಪುಸ್ತಕಕ್ಕಿಂತ ಅದನ್ನೇ ಹೆಚ್ಚು ನಂಬುತ್ತಿದ್ದೆ.

ಬಟ್ಟೆಯ ವಿಷಯದಲ್ಲಿ ನಂಜನಗೂಡು, ಟಿ. ನರಸೀಪುರ ಎಂಬ ನಮ್ಮ ಎರಡು ತಾಲ್ಲೂಕುಗಳು ಬಡವಾದವಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿಯೇ ಬಂದಿದ್ದರು. ಅದೇ ತಾಲ್ಲೂಕಿನ ತಗಡೂರು ರಾಮಚಂದ್ರರಾಯರು ಚರಕವನ್ನು ಮನೆಮನೆಗೆ ಹೊತ್ತು ತಿರುಗಿದವರು. ಮೈಸೂರು ರಸ್ತೆಯ ತಾಂಡವಪುರದಲ್ಲಿ ರೀಡ್ ಅಂಡ್ ಟೇಲರ್ ಸೂಟಿಂಗ್ ಕಾರ್ಖಾನೆ ಇತ್ತು. ಅಮಿತಾಭ್ ಬಚ್ಚನ್ ಜಾಹೀರಾತಿಗೆ ನಿಂತ ಬ್ರ್ಯಾಂಡ್ ಅದು. ಸಾಲದಲ್ಲಿ ಮುಳುಗಿ ಬಾಗಿಲು ಹಾಕಿತು. ಇನ್ನು ತಿರುಮಕೂಡಲು ನರಸೀಪುರದಲ್ಲಿ ಸರ್ಕಾರಿ ರೇಷ್ಮೆ ನಿಗಮ ಕೆ.ಎಸ್.ಐ.ಸಿ.ಯ ನೂಲಿನ ಕಾರ್ಖಾನೆ. ಅಲ್ಲಿ ಗೂಡಿನಿಂದ ತೆಗೆದ ನೂಲು ಮೈಸೂರಿಗೆ ಹೋಗಿ ಮೈಸೂರು ಸಿಲ್ಕ್ ಸೀರೆಯಾಗುತ್ತದೆ. ಒಂದು ಕಡೆ ಖಾದಿ, ಒಂದು ಕಡೆ ಸೂಟು, ಇನ್ನೊಂದು ಕಡೆ ರೇಷ್ಮೆ. ನಡುವೆ ನಮ್ಮ ಹುಡುಗರು ಎಲ್ಲಿಂದಲೋ ಬಂದ ಪಾಲಿಯೆಸ್ಟರ್ ಅಂಗಿ ತೊಟ್ಟು, ಏಪ್ರಿಲ್ ಬಿಸಿಲಿನಲ್ಲಿ ಬೆವರುತ್ತ ಪರೀಕ್ಷೆ ಬರೆಯುತ್ತಾರೆ.

ನಾವು ಓದುವಾಗ ಖಾಕಿ ಚಡ್ಡಿ, ಬಿಳಿ ಅಂಗಿ. ಅದರ ಮೇಲೆ ಹೆಚ್ಚಿನ ಕಾನೂನು ಇರಲಿಲ್ಲ. ಅಂಗಿ ಬಿಳಿಯಾಗಿರಬೇಕು ಅಂದರೆ, ಅದು ಒಂದು ಕಾಲದಲ್ಲಿ ಬಿಳಿಯಾಗಿತ್ತು ಎಂದು ಮೇಷ್ಟರಿಗೆ ನಂಬಿಕೆ ಬಂದರೆ ಸಾಕಾಗಿತ್ತು. ಎಲ್ಲರೂ ಒಂದೇ ಥರ ಕಂಡರೆ ಬಡವ ಬಲ್ಲಿದ ಗೊತ್ತಾಗುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಹಿರಿಯರಿಗೆ ಗೊತ್ತಾಗುತ್ತಿರಲಿಲ್ಲವೇನೋ, ನಮಗೆ ಗೊತ್ತಾಗುತ್ತಿತ್ತು. ಯಾರ ಅಂಗಿಗೆ ನೀಲಿ ಹಾಕಿದ್ದಾರೆ, ಯಾರ ಚಡ್ಡಿಗೆ ಇಸ್ತ್ರಿಯ ಗೆರೆ ಇದೆ, ಯಾರ ಗುಂಡಿ ಇರಬೇಕಾದ ಕಡೆ ಪಿನ್ನು ಇದೆ, ಯಾರ ಅಂಗಿ ಸೋಮವಾರವೂ ಗುರುವಾರವೂ ಅದೇ ಅರಿಸಿನದ ಕಲೆ ಹೊತ್ತು ಬರುತ್ತದೆ, ಎಲ್ಲವೂ ಗೊತ್ತಾಗುತ್ತಿತ್ತು. ಮಕ್ಕಳ ಕಣ್ಣು ತಾಲ್ಲೂಕು ಕಚೇರಿಯ ಸರ್ವೇಯರನ ಕಣ್ಣಿಗಿಂತ ಚುರುಕು, ಲಂಚಕ್ಕೂ ಬಗ್ಗುವುದಿಲ್ಲ.

ಆದರೂ ಆ ಖಾಕಿ ಚಡ್ಡಿಯಿಂದ ಉಪಕಾರವಾಗಿರಲಿಲ್ಲ ಅನ್ನಲಾರೆ. ನೀರಾವರಿ ಗದ್ದೆಯ ಒಡೆಯನ ಮಗನಿಗೂ, ಆ ಗದ್ದೆಯಲ್ಲಿ ನಾಟಿ ಹಾಕುವವಳ ಮಗನಿಗೂ ಬಣ್ಣವಾದರೂ ಒಂದೇ ಇತ್ತು. ಹಬ್ಬದ ಮಾರನೆಯ ದಿನ ಹೊಸ ಬಟ್ಟೆ ತೊಟ್ಟು ಮೆರೆಯುವವರೂ ಇರಲಿಲ್ಲ, ಅದನ್ನು ನೋಡಿ ಮುಖ ಮುದುಡುವವರೂ ಇರಲಿಲ್ಲ. ಯೂನಿಫಾರಂ ಇರುವುದು ಇದಕ್ಕಾಗಿ. ಈ ಕೆಲಸಕ್ಕೆ ಬೇಕಾದದ್ದು ಅಗ್ಗದ, ಗಟ್ಟಿಯಾದ, ಎಲ್ಲೆಂದರಲ್ಲಿ ಸಿಗುವ ಎರಡು ಬಟ್ಟೆ. ಅದರ ಮೇಲೆ ಸೇರಿಸಿದ್ದೆಲ್ಲ ಶಾಲೆಯ ಜಂಬಕ್ಕೆ.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಬಟ್ಟೆ ಪುಕ್ಕಟೆ. ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ ಮಗುವೊಂದಕ್ಕೆ ವರ್ಷಕ್ಕೆ ಎರಡು ಜೊತೆಗೆ 600 ರೂಪಾಯಿ. 600 ರೂಪಾಯಿಗೆ ಎರಡು ಜೊತೆ ಬಟ್ಟೆ ಕೊಂಡು ಹೊಲಿಸಿ ತೋರಿಸುವವರಿಗೆ ಅರ್ಥಶಾಸ್ತ್ರದಲ್ಲಿ ಯಾರಾದರೂ ಪ್ರಶಸ್ತಿ ಕೊಡಬೇಕು. ಮೊದಲ ಜೊತೆ ಹೇಗೋ ಬರುತ್ತದೆ. ಎರಡನೆಯದು ಮಳೆಯಂತೆ, ಬಂದರೆ ಬಂತು. 2019ರಲ್ಲಿ ಕೊಪ್ಪಳ ಜಿಲ್ಲೆಯ ಶಾಲಾ ಬಾಲಕನೊಬ್ಬನ ಪರವಾಗಿ, ಎರಡನೇ ಜೊತೆ ಬಟ್ಟೆಯೂ ಶೂ ಸಾಕ್ಸೂ ಬಂದಿಲ್ಲವೆಂದು ಹೈಕೋರ್ಟಿಗೇ ಅರ್ಜಿ ಹೋಯಿತು. ಕೊಡುತ್ತೇವೆ ಎಂದು ಸರ್ಕಾರ ಒಪ್ಪಿತು. 2023ರಲ್ಲಿ ಅದೇ ವಿಷಯಕ್ಕೆ ನ್ಯಾಯಾಂಗ ನಿಂದನೆಯ ಅರ್ಜಿಯೂ ವಿಚಾರಣೆಗೆ ಬಂತು. ಅಷ್ಟರಲ್ಲಿ ಆ ಹುಡುಗ ಎಷ್ಟು ಬೆಳೆದಿದ್ದನೋ, ಅಳತೆ ಹೊಸದಾಗಿ ತೆಗೆಯಬೇಕಾಗಿತ್ತೇನೋ.

ಎರಡನೇ ಜೊತೆಗೆ ಇಷ್ಟು ಗಲಾಟೆ ಯಾಕೆ ಎಂದು ಕೇಳುವವರು ಬಟ್ಟೆ ಒಗೆದವರಲ್ಲ. ಒಂದೇ ಜೊತೆ ಇರುವ ಮನೆಯಲ್ಲಿ ಸಂಜೆ ಮಗು ಶಾಲೆಯಿಂದ ಬರುವುದನ್ನೇ ತಾಯಿ ಕಾಯುತ್ತಿರುತ್ತಾಳೆ, ಮಗುವಿಗಾಗಿ ಅಷ್ಟೇ ಅಲ್ಲ, ಅಂಗಿಗಾಗಿ. ಕೂಲಿಯಿಂದ ಬಂದು, ಒಗೆದು, ಹಿಂಡಿ, ಒಲೆಯ ಮೇಲಿನ ಹಗ್ಗಕ್ಕೆ ಹರಡುತ್ತಾಳೆ. ಆಷಾಢದಲ್ಲಿ ಅದು ಬೆಳಿಗ್ಗೆಗೆ ಒಣಗಿರುವುದಿಲ್ಲ, ಹೊಗೆಯ ವಾಸನೆ ಮಾತ್ರ ಹಿಡಿದಿರುತ್ತದೆ. ಹುಡುಗ ಅದನ್ನೇ ತೊಟ್ಟು ಬರುತ್ತಾನೆ. ಪ್ರಾರ್ಥನೆಯ ಸಾಲಿನಲ್ಲಿ ಮೈಮೇಲೆಯೇ ಒಣಗಿಸಿಕೊಳ್ಳುತ್ತಾನೆ. ವಯನಾಡಿನಲ್ಲಿ ಮಳೆ ಜೋರಾಗಿ ಕಬಿನಿಯಿಂದ ನೀರು ಬಿಟ್ಟ ದಿನಗಳಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ಬರುತ್ತಾಳೆ. ಆ ಬೀದಿಯವರನ್ನು ‘ಯಾಕೆ ಯೂನಿಫಾರಂ ಇಲ್ಲ?’ ಎಂದು ಕೇಳುವ ಮುಂಚೆ ಮನೆ ಇದೆಯೋ ಇಲ್ಲವೋ ಕೇಳಬೇಕು.

ಶೂ ಬಂದದ್ದು 2015ರ ಸುಮಾರಿಗೆ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸು. ಐದನೇ ಕ್ಲಾಸಿನವರೆಗೆ 265, ಎಂಟರವರೆಗೆ 295, ಒಂಬತ್ತು ಹತ್ತಕ್ಕೆ 325 ರೂಪಾಯಿ ಎಂಬ ದರ ಬಹುಕಾಲ ಅಲುಗಾಡದೆ ನಿಂತಿತ್ತು. ಬಿಳಿ ಸಾಕ್ಸನ್ನು ಆರಿಸಿದವರು ಯಾರೋ, ಅವರು ಟಿ. ನರಸೀಪುರದ ಕಡೆ ಬಂದಿರಲಾರರು. ಅಲ್ಲಿ ನನ್ನ ತಂಗಿಯ ಮನೆ. ಭತ್ತದ ಗದ್ದೆ, ಕಾಲುವೆಯ ಏರಿ, ಕಬ್ಬಿನ ಗಾಡಿ ಓಡಾಡಿದ ಕೆಸರು ದಾರಿ. ಅಲ್ಲಿನ ಮಕ್ಕಳು ಶೂ ಕಾಲಿಗೆ ಹಾಕಿಕೊಂಡು ಬರುವುದಿಲ್ಲ, ಕೈಯಲ್ಲಿ ಹಿಡಿದು ಬರುತ್ತಾರೆ. ಶಾಲೆಯ ಗೇಟಿನ ಹತ್ತಿರ ಕೊಳಾಯಿಯಲ್ಲಿ ಕಾಲು ತೊಳೆದು, ಅಲ್ಲಿ ತೊಟ್ಟು, ಮೇಷ್ಟರಿಗೆ ತೋರಿಸಿ, ಸಂಜೆ ಬಿಚ್ಚಿ, ಮತ್ತೆ ಕೈಯಲ್ಲಿ ಹಿಡಿದು ಮನೆಗೆ ಹೋಗುತ್ತಾರೆ. ಇಂಥ ಕಡೆ ಹವಾಮಾನ ನೋಡಿ ಶೂ ಬದಲು ಸ್ಯಾಂಡಲ್ ಕೊಳ್ಳಲು ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಅವಕಾಶ ಕೊಟ್ಟದ್ದುಂಟು. ನಿಯಮ ಬರೆಯುವ ಕೈಗೆ ಒಂದು ಸಲವಾದರೂ ಕೆಸರು ತಗುಲಿದ ಲಕ್ಷಣ ಇದು.

ಖಾಸಗಿ ಶಾಲೆಗಳದು ಬೇರೆ ಲೋಕ. ನನ್ನ ತಂಗಿಯ ಮೊಮ್ಮಗಳು ಓದುವ ಶಾಲೆಯಿಂದ ಒಂದು ಚೀಟಿ ಬಂದಿತ್ತು. ಸೋಮವಾರ, ಮಂಗಳವಾರಕ್ಕೆ ಚೌಕಳಿ ಅಂಗಿ. ಬುಧವಾರ ಹೌಸ್ ಬಣ್ಣದ ಟಿ-ಶರ್ಟು. ನಾಲ್ಕು ಹೌಸಿಗೆ ನಾಲ್ಕು ಬಣ್ಣ. ಗುರು, ಶುಕ್ರ ಮತ್ತೆ ಚೌಕಳಿ. ಶನಿವಾರ ಅಚ್ಚ ಬಿಳಿ, ಶೂ ಕೂಡ ಬಿಳಿ. ಜೊತೆಗೆ ಟೈ, ಬೆಲ್ಟು, ಬೆಲ್ಟಿನ ಬಕಲಿನ ಮೇಲೆ ಶಾಲೆಯ ಮುದ್ರೆ, ಚಳಿಗೆ ಒಂದು ಸ್ವೆಟರು, ಅದರ ಮೇಲೂ ಮುದ್ರೆ. ಇವೆಲ್ಲ ಇಂಥ ಅಂಗಡಿಯಲ್ಲೇ ಸಿಗುತ್ತವೆ ಎಂದು ಕೊನೆಯ ಸಾಲು. ಓದಿದ ನನ್ನ ತಂಗಿ, ‘ಅಣ್ಣಾ, ಮದುವೆ ಗಂಡಿನ ಕಡೆಯವರೂ ಇಷ್ಟು ಕೇಳಿರಲಿಲ್ಲ’ ಅಂದಳು. ಮಗು ಎಲ್‌ಕೆಜಿ. ಟೈಗೆ ಎಲಾಸ್ಟಿಕ್ ಇತ್ತು. ಹಿಂದಿನ ಬೆಂಚಿನ ಹುಡುಗ ಅದನ್ನು ಎಳೆದು ಬಿಡುವುದು, ಅದು ಗಂಟಲಿಗೆ ಬಂದು ಬಡಿಯುವುದು, ಇವಳು ಅಳುವುದು, ಇದೇ ಆ ಟೈಯಿಂದ ಆದ ಮುಖ್ಯ ಶಿಕ್ಷಣ.

ಇಂಥ ಚೀಟಿ ಕೈಗೆ ಬಂದ ತಂದೆತಾಯಿಗಳಿಗೆ ನಾನು ಬೆಂಚಿನ ಮೇಲೆ ಕೂತೇ ಒಂದು ಕಾನೂನು ಹೇಳುತ್ತೇನೆ. ಕರ್ನಾಟಕ ಶಿಕ್ಷಣ ಕಾಯ್ದೆಯ ಕೆಳಗೆ 1995ರಲ್ಲಿ ಮಾಡಿದ ನಿಯಮಗಳಿವೆ. ಅವುಗಳಲ್ಲಿ ಹನ್ನೊಂದನೆಯದು ಯೂನಿಫಾರಂ ಕುರಿತದ್ದು. ಶಾಲೆ ತನ್ನ ಯೂನಿಫಾರಂ ಗೊತ್ತುಮಾಡಿಕೊಳ್ಳಬಹುದು. ಒಮ್ಮೆ ಗೊತ್ತುಮಾಡಿದರೆ ಐದು ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸುವುದಾದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ಬಟ್ಟೆಯನ್ನು ಶಾಲೆಯಲ್ಲೋ, ಶಾಲೆ ಹೇಳಿದ ಅಂಗಡಿಯಲ್ಲೋ ಕೊಳ್ಳುವುದು, ಶಾಲೆ ಹೇಳಿದ ಟೈಲರ ಹತ್ತಿರ ಹೊಲಿಸುವುದು ಪೋಷಕರ ಇಷ್ಟ; ಒತ್ತಾಯ ಕೂಡದು. ಇದನ್ನು ಕೇಳಿ ಎಲ್ಲಕ್ಕಿಂತ ಹೆಚ್ಚು ಸಂತೋಷಪಟ್ಟವನು ನಮ್ಮ ಟೈಲರು. ‘ಇಷ್ಟು ಒಳ್ಳೇ ಕಾನೂನು ಇಟ್ಕೊಂಡು ಯಾರಿಗೂ ಹೇಳ್ದೆ ಇದ್ದೀರಲ್ಲ ಸಾ’ ಎಂದು ನನ್ನನ್ನೇ ಗದರಿದ. ಅವತ್ತಿನ ಕಾಫಿ ಅವನದೇ.

ಮಕ್ಕಳಿಗೆ ಕೋಟು ತೊಡಿಸುವ ಚಪಲ ಹಳೆಯದು. ಲಂಡನ್ನಿನಲ್ಲಿ 1552ರಲ್ಲಿ ಬಡ ಮಕ್ಕಳಿಗಾಗಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ತೆರೆದು ಅವರಿಗೆಲ್ಲ ಉದ್ದನೆಯ ನೀಲಿ ಕೋಟು ಹೊಲಿಸಿದರು. ಆ ಶಾಲೆಯಲ್ಲಿ ಇವತ್ತಿಗೂ ಅದೇ ನೀಲಿ ಕೋಟು, ಹಳದಿ ಕಾಲುಚೀಲ. ಬಡವರ ಗುರುತಾಗಿ ಹುಟ್ಟಿದ ಉಡುಪು ಕಾಲಾಂತರದಲ್ಲಿ ದೊಡ್ಡವರ ಮಕ್ಕಳ ಹೆಮ್ಮೆಯಾಯಿತು. ಅದನ್ನು ಕಂಡ ನಾವು ಎಳೆಯ ಕೊರಳಿಗೆ ಟೈ ಕಟ್ಟಿದೆವು. ಅತ್ತ ಇಂಗ್ಲೆಂಡಿನವರಿಗೇ ಅದು ಭಾರವಾಗಿ, ಯೂನಿಫಾರಂ ಖರ್ಚಿಗೆ ಕಡಿವಾಣ ಹಾಕಲು 2021ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆಯನ್ನೇ ಮಾಡಿತು. ಅದಕ್ಕೂ ಮೊದಲು, 2017ರ ಜೂನ್‌ನಲ್ಲಿ, ಎಕ್ಸಿಟರ್ ಊರಿನ ಇಸ್ಕಾ ಅಕಾಡೆಮಿಯ ಹುಡುಗರು ಸೆಕೆ ತಾಳಲಾರದೆ ಚಡ್ಡಿ ಹಾಕಿಕೊಳ್ಳಲು ಅಪ್ಪಣೆ ಕೇಳಿದರು. ನಿಯಮದಲ್ಲಿ ಹುಡುಗರಿಗೆ ಚಡ್ಡಿ ಇರಲಿಲ್ಲ. ಬೇಕಾದರೆ ಸ್ಕರ್ಟು ಹಾಕಿಕೊಳ್ಳಿ ಎಂದು ಶಾಲೆಯವರು ಕುಟುಕಿದರಂತೆ. ಮಾರನೆಯ ದಿನದಿಂದ ಹುಡುಗರು ಸ್ಕರ್ಟು ತೊಟ್ಟು ಸಾಲಾಗಿ ಬಂದರು. ಶಾಲೆ ಚಡ್ಡಿಗೆ ಒಪ್ಪಿಕೊಂಡಿತು. ಮಕ್ಕಳನ್ನು ಮೊದಲೇ ಕರೆದು ಕೇಳಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ನಮ್ಮ ಹುಡುಗಿಯರು ಸ್ಕರ್ಟು ಚಳವಳಿ ಮಾಡಲಿಲ್ಲ, ಸುಮ್ಮನೆ ಸಹಿಸಿಕೊಂಡರು. ಹೈಸ್ಕೂಲಿಗೆ ಚೂಡಿದಾರ ಬಂದದ್ದು ದೊಡ್ಡ ಬಿಡುಗಡೆ. 2006-07ರಿಂದ ಎಂಟನೇ ಕ್ಲಾಸಿಗೆ ಸರ್ಕಾರ ಸೈಕಲ್ ಕೊಡತೊಡಗಿದಾಗ, ಲಂಗ ತೊಟ್ಟು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಲಂಗದ ಅಂಚು ಹಿಡಿದು ಕಾಲುವೆ ಏರಿಯ ಮೇಲೆ ಬರುವುದು ಸರ್ಕಸ್ಸಿನ ಕೆಲಸವೇ ಆಗಿತ್ತು. ಕೇರಳದ ವಲಯನ್‌ಚಿರಂಗರದ ಸರ್ಕಾರಿ ಪ್ರಾಥಮಿಕ ಶಾಲೆಯವರು 2018ರ ಸುಮಾರಿಗೆ ಹುಡುಗ ಹುಡುಗಿ ಎಲ್ಲರಿಗೂ ಒಂದೇ ಮುಕ್ಕಾಲು ಚಡ್ಡಿ, ಒಂದೇ ಶರ್ಟು ಮಾಡಿಬಿಟ್ಟರು. ಆಟದ ಬಯಲು ಇಬ್ಬರಿಗೂ ಸಮನಾಯಿತು. ನಮ್ಮಲ್ಲಿ ಇನ್ನೂ ಒಂದು ಮಾತನ್ನು ಪೋಷಕರ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಚೂಡಿದಾರದ ಪ್ಯಾಂಟು ಬಿಳಿ ಯಾಕೆ? ಹದಿಮೂರು ಹದಿನಾಲ್ಕರ ಹುಡುಗಿಯರು ತಿಂಗಳಿನ ಆ ದಿನಗಳಲ್ಲಿ ಬೆಂಚು ಬಿಟ್ಟೇಳಲು ಹೆದರಿ ಕೂತಿದ್ದನ್ನು ಹೆಣ್ಣುಮೇಷ್ಟರು ಬಲ್ಲರು. ಸಭೆಯ ಮೇಜಿನ ಆಚೆ ಕೂತವರೆಲ್ಲ ಗಂಡಸರು. ಬಿಳಿ ಪಂಚೆಯವರು, ಅವರಿಗೆ ಬಿಳಿ ಅಂದರೆ ಶುಭ್ರ. ಗಾಢ ಬಣ್ಣ ಮಾಡಿ ಎಂದು ಒಬ್ಬ ತಾಯಿ ಹೇಳಿದರೆ ಕೆಲಸ ಮುಗಿಯುತ್ತದೆ; ಖರ್ಚು ಒಂದು ಪೈಸೆ ಹೆಚ್ಚಿಲ್ಲ.

ನಿಯಮ ಊರನ್ನು ನೋಡಿರಬೇಕು ಅನ್ನುವುದಕ್ಕೆ ನಂಜನಗೂಡಿಗಿಂತ ಬೇರೆ ಸಾಕ್ಷಿ ಬೇಡ. ‘ಹುಡುಗಿಯರು ಎರಡು ಜಡೆ ಹಾಕಿ, ಮಡಿಸಿ, ಟೇಪು ಕಟ್ಟಿರಬೇಕು’ ಎಂಬ ನಿಯಮ ನಾಡಿನಾದ್ಯಂತ ಉಂಟು. ನಮ್ಮ ಊರಿನ ಸ್ನಾನಘಟ್ಟದಲ್ಲಿ ದಿನ ಬೆಳಗಾದರೆ ಮುಡಿ ಕೊಡುವವರ ಸಾಲು. ಸೋಮವಾರ ರಜೆ ಹಾಕಿ ಹೋದ ಮಗು ಮಂಗಳವಾರ ನುಣ್ಣನೆಯ ತಲೆಗೆ ಗಂಧ ಬಳಿದುಕೊಂಡು ಬರುತ್ತದೆ. ಟೇಪು ಎಲ್ಲಿಗೆ ಕಟ್ಟುವುದು? ಯಾವ ಮೇಷ್ಟರೂ ಆ ಮಗುವನ್ನು ಹೊರಗೆ ನಿಲ್ಲಿಸಿದ್ದನ್ನು ನಾನು ಕಾಣೆ. ‘ಏನಮ್ಮ, ದೇವರಿಗೆ ಕೊಟ್ಟು ಬಂದ್ಯಾ?’ ಎಂದು ತಲೆ ಸವರಿ ಒಳಗೆ ಕಳಿಸುತ್ತಾರೆ. ಕಾರ್ತಿಕ ಕಳೆಯುತ್ತಿದ್ದಂತೆ ಹೈಸ್ಕೂಲಿನ ಹುಡುಗರು ಅಯ್ಯಪ್ಪನ ಮಾಲೆ ಹಾಕುತ್ತಾರೆ. ಬಿಳಿ ಅಂಗಿಗಳ ನಡುವೆ ಕಪ್ಪು ಅಂಗಿ, ಬರಿಗಾಲು, ಗಡ್ಡ ಬರುವವರಿಗೆ ಗಡ್ಡ. ಅವರನ್ನು ‘ಸ್ವಾಮಿ’ ಎಂದು ಕರೆದು ಹಾಜರಿ ಹಾಕಿದ ಮೇಷ್ಟರುಗಳು ಬೇಕಾದಷ್ಟಿದ್ದಾರೆ. ವಿಭೂತಿ, ಕುಂಕುಮ, ಕಿವಿಯ ಓಲೆ, ಮೂಗುಬೊಟ್ಟು, ಕೈಗೆ ಕಟ್ಟಿದ ದಾರ, ಇವುಗಳನ್ನು ನಾವು ಯೂನಿಫಾರಮಿಗೆ ಅಡ್ಡಿ ಎಂದು ಎಣಿಸಿದ್ದೇ ಇಲ್ಲ. ಬರೆದ ನಿಯಮಕ್ಕಿಂತ ಬರೆಯದ ವಿನಾಯಿತಿಗಳೇ ನಮ್ಮ ಶಾಲೆಗಳನ್ನು ನಡೆಸಿಕೊಂಡು ಬಂದಿವೆ.

ತಲೆಗೆ ಹೊದೆಯುವ ಒಂದು ಗಜ ಬಟ್ಟೆಯ ವಿಷಯ ಬಂದಾಗ ಮಾತ್ರ ನಾವು ಬರೆದ ನಿಯಮವನ್ನು ಹುಡುಕಿ ತೆಗೆದೆವು. ಉಡುಪಿಯ ಒಂದು ಕಾಲೇಜಿನಲ್ಲಿ ಹಿಜಾಬ್ ತೊಟ್ಟ ಹುಡುಗಿಯರನ್ನು ತಡೆದದ್ದರಿಂದ ಶುರುವಾದದ್ದು, ಯೂನಿಫಾರಂ ಕಡ್ಡಾಯವೆಂದ 2022ರ ಫೆಬ್ರವರಿ 5ರ ಸರ್ಕಾರಿ ಆದೇಶಕ್ಕೆ ಬಂತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತಾ ಅವರು ಆದೇಶ ಸರಿ ಅಂದರು. ಸುಧಾಂಶು ಧುಲಿಯಾ ಅವರು ಇದು ಹುಡುಗಿಯ ಆಯ್ಕೆಯ ಮಾತು, ಅವಳ ಓದು ಮುಖ್ಯ ಅಂದರು. ಆಮೇಲೆ 2023ರ ಡಿಸೆಂಬರ್ 22ರಂದು ವಿಷಯ ನಮ್ಮ ತಾಲ್ಲೂಕಿಗೇ ಬಂತು. ಕವಲಂದೆಯಲ್ಲಿ ಪೊಲೀಸ್ ಠಾಣೆ ಉದ್ಘಾಟನೆಗೆ ಬಂದಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಸಭೆಯಿಂದ ಯಾರೋ ಕೇಳಿದ ಪ್ರಶ್ನೆಗೆ, ಉಡುವುದು ಉಣ್ಣುವುದು ಅವರವರ ಇಷ್ಟ, ನಾನು ಪಂಚೆ ಉಡುತ್ತೇನೆ, ನೀವು ಪ್ಯಾಂಟು ಹಾಕುತ್ತೀರಿ, ತಪ್ಪೇನು ಎಂಬ ಧಾಟಿಯಲ್ಲಿ ಉತ್ತರ ಕೊಟ್ಟು, ಆದೇಶ ವಾಪಸು ತೆಗೆಯಲು ಹೇಳಿದ್ದೇನೆ ಅಂದರು. ಮಾರನೆಯ ದಿನ, ಇನ್ನೂ ಯೋಚನೆಯ ಹಂತದಲ್ಲಿದೆ ಅಂದರು. ಕವಲಂದೆಗೆ ಒಂದು ದಿನದ ಮಟ್ಟಿಗೆ ದೇಶದ ಕೀರ್ತಿ ಬಂತು.

ಕೋರ್ಟಿನ ಮಾತು ಕೋರ್ಟಿಗೆ ಬಿಡೋಣ. ಮೇಷ್ಟರಾಗಿ ನನಗೆ ಗೊತ್ತಿರುವುದು ಒಂದೇ. ಗೇಟಿನ ಹೊರಗೆ ನಿಂತ ಹುಡುಗಿಗೆ ಗಣಿತ ಹೇಳಿಕೊಡಲು ಆಗುವುದಿಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್ನಿನ ಹುಡುಗಿಯರ ಶಾಲೆಯೊಂದರಲ್ಲಿ ಇದರ ತಿರುವುಮುರುವು ಕಥೆ ನಡೆದಿದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗಿ ನೆಲೆಸಿದ ತಮಿಳು ಹಿಂದೂ ಮನೆತನದ ಹುಡುಗಿ ಮೂಗುಬೊಟ್ಟು ಹಾಕಿಕೊಂಡು ಬಂದಳು. ನಿಯಮದಲ್ಲಿ ಮೂಗುಬೊಟ್ಟು ಇಲ್ಲ, ತೆಗೆ ಅಂದಿತು ಶಾಲೆ. 2007ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ನಿಯಮ ಎಲ್ಲರಿಗೂ ಒಂದೇ ಆದರೂ ಅದರ ಪೆಟ್ಟು ಎಲ್ಲರಿಗೂ ಒಂದೇ ಥರ ಬೀಳುವುದಿಲ್ಲ ಎಂದು ಕಂಡು, ಶಾಲೆ ವಿನಾಯಿತಿ ಕೊಡಬೇಕಾಗಿತ್ತು ಎಂದು ತೀರ್ಪು ಕೊಟ್ಟಿತು. ಮೂಗುಬೊಟ್ಟಿನ ಸುದ್ದಿ ಕೇಳಿ ಟೈಲರಂಗಡಿಯ ಬೆಂಚು ಒಮ್ಮತದಿಂದ ಹಿಗ್ಗಿತು. ‘ಹಂಗಾದ್ರೆ ತಲೆವಸ್ತ್ರ?’ ಎಂದು ನಾನು ಕೇಳಿದಾಗ ಬೆಂಚು ಕೆಮ್ಮಿತು. ಕೊನೆಗೆ ನಮ್ಮ ಟೈಲರೇ ಬಾಯಿಬಿಟ್ಟ: ‘ಯೂನಿಫಾರಂ ಬಣ್ಣದ್ದೇ ಬಟ್ಟೆ ತಂದ್ರೆ ನಾನೇ ಅಂಚು ಹೊಲ್ದು ಕೊಡ್ತೀನಿ, ಕಾಸು ಬೇಡ.’ ಅವನ ಊರಿನ ದೇವರ ಕೃಪೆಯಿಂದ ಪಟ್ಟದಾನೆಯ ಕಣ್ಣು ಗುಣವಾಯಿತೆಂದು ಟಿಪ್ಪು ಸುಲ್ತಾನ ‘ಹಕೀಮ್ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗ ಕೊಟ್ಟನೆಂಬ ಪ್ರತೀತಿ ಇದೆ. ಆ ಹೆಸರನ್ನು ಜೀರ್ಣಿಸಿಕೊಂಡ ಊರಿಗೆ ಒಂದು ಗಜ ಬಟ್ಟೆ ಹೊರೆಯಾಗಬಾರದು.

ಇನ್ನು ಮೈಯ ಮಾತು. ಮತದ ಮಾತಿಗೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಮೈಯ ಮಾತಿಗೆ ಯಾರೂ ಇಲ್ಲ. ಬಲವಿಲ್ಲದ ಕಾಲಿಗೆ ಕ್ಯಾಲಿಪರ್ ಕಟ್ಟಿದ ಹುಡುಗನ ಪಾದ ಕಪ್ಪು ಶೂ ಒಳಗೆ ಹೋಗುವುದಿಲ್ಲ. ಬೆರಳು ಸರಿಯಾಗಿ ಹಿಡಿತಕ್ಕೆ ಬಾರದ ಮಗುವಿಗೆ ಆರು ಗುಂಡಿ ಅಂದರೆ ಬೆಟ್ಟ. ಒಂದು ವೆಲ್ಕ್ರೋ ಪಟ್ಟಿ ಹಾಕಿದರೆ ಶೌಚಕ್ಕೆ ಹೋಗಲು ಇನ್ನೊಬ್ಬರನ್ನು ಬೇಡುವುದು ತಪ್ಪುತ್ತದೆ. ಕೆಲವು ಮಕ್ಕಳಿಗೆ ಪಾಲಿಯೆಸ್ಟರ್ ತಗುಲಿದರೆ ಚರ್ಮವೆಲ್ಲ ದದ್ದು. ದಪ್ಪ ಮಕ್ಕಳದು ಇನ್ನೊಂದು ಪಾಡು. ಸರ್ಕಾರಿ ಅಳತೆಯ ರೆಡಿಮೇಡ್ ಅಂಗಿಯಲ್ಲಿ ‘ದೊಡ್ಡದು’ ಎಂದು ಬರೆದಿರುವುದು ಅವರಿಗೆ ಹೊಟ್ಟೆಯ ಹತ್ತಿರ ನಿಂತುಹೋಗುತ್ತದೆ. ಇಡೀ ತರಗತಿಯ ಮುಂದೆ ಅದನ್ನು ಹಾಕಿ ನೋಡಿಸುವ ಮೇಷ್ಟರಿಗೆ ಒಂದು ದಿನ ಅವರ ಮದುವೆಯ ಸೂಟು ತೊಡಿಸಿ ನೋಡಬೇಕು.

ಹಾಗಾದರೆ ನಿಯಮ ಹೇಗಿರಬೇಕು ಎಂದು ಬೆಂಚು ನನ್ನನ್ನೇ ಕೇಳಿತು. ಬರೆದರೆ ಅರ್ಧ ಪುಟ ದಾಟಬಾರದು ಅಂದೆ. ಎರಡು ಬಣ್ಣ ಹೇಳಲಿ. ಬಟ್ಟೆ ಯಾವ ಅಂಗಡಿಯದಾದರೂ ಸರಿ, ಅಕ್ಕನದೋ ಅಣ್ಣನದೋ ಆದರೂ ಸರಿ. ಮುದ್ರೆ ಬೇಕೇಬೇಕೆಂದರೆ ಒಂದು ಬಿಲ್ಲೆ ಕೊಡಲಿ, ಮನೆಯಲ್ಲಿ ಹೊಲಿದುಕೊಳ್ಳಲಿ. ಪ್ಯಾಂಟೋ ಚೂಡಿದಾರವೋ ಲಂಗವೋ, ಹೆಣ್ಣುಮಗು ತನಗೆ ಅನುಕೂಲವಾದದ್ದನ್ನು ತೊಡಲಿ. ಬಿಳಿ ಪ್ಯಾಂಟು ಹೋಗಲಿ. ನಂಬಿಕೆಗೆ, ಕಾಯಿಲೆಗೆ, ಹವೆಗೆ ಬೇಕಾದ ಬದಲಾವಣೆ ಅದೇ ಬಣ್ಣದಲ್ಲಿ ಇರಲಿ. ಅದಕ್ಕೆ ಅರ್ಜಿ, ಸೀಲು ಕೇಳುವುದು ಬೇಡ. ಯೂನಿಫಾರಂ ಇಲ್ಲದೆ ಬಂದ ಮಗುವನ್ನು ಪಾಠದಿಂದ ಹೊರಗೆ ಹಾಕುವುದು ಯಾವ ಕಾರಣಕ್ಕೂ ಕೂಡದು. ಹಳೆಯ ಬಟ್ಟೆ ತಂದಿಡಲು, ಬೇಕಾದವರು ಯಾರ ಕಣ್ಣಿಗೂ ಬೀಳದೆ ಒಯ್ಯಲು, ಶಾಲೆಯಲ್ಲಿ ಒಂದು ಬೀರು ಇರಲಿ. ಟೈ? ‘ಅದನ್ನ ಮೇಷ್ಟರುಗಳಿಗೆ ಕಟ್ಟಿ’ ಎಂದು ಟೈಲರು ಸೂಚನೆ ಮಂಡಿಸಿದ. ಅನುಮೋದನೆ ಬೆಂಚಿನ ಎಲ್ಲ ಕಡೆಯಿಂದ ಬಂತು, ನನ್ನದೊಂದು ಬಿಟ್ಟು.

ಟಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ತಮ್ಮ ಕ್ಷೇತ್ರ ಆ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುತ್ತದೆ ಎಂದು ಅಲ್ಲಿಯವರ ನಂಬಿಕೆ. ಶಾಲೆಯ ತಕ್ಕಡಿಯಲ್ಲೂ ನಿಯಮಕ್ಕಿಂತ ಮಗು ಅಷ್ಟೇ ಹೆಚ್ಚು ತೂಗಿದರೆ ಸಾಕು. ಬಹಳ ಕೇಳಿದಂತಾಗಲಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನದು ಒಂದೇ ಬೇಡಿಕೆ. ನಿಮ್ಮ ಮಗುವೋ ಮೊಮ್ಮಗುವೋ ಓದುವ ಶಾಲೆಯಲ್ಲಿ ಬೇಸಿಗೆ ರಜೆಗೆ ಮುಂಚೆ ಪೋಷಕರ ಸಭೆ ಕರೆಯುತ್ತಾರೆ. ಟೀ ಬಿಸ್ಕತ್ತು ಮುಗಿಸಿ ಎದ್ದು ಬರಬೇಡಿ. 1995ರ ನಿಯಮಗಳ ಹನ್ನೊಂದನೆಯದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಗಟ್ಟಿಯಾಗಿ ಓದಿ, ನೋಟಿಸ್ ಬೋರ್ಡಿಗೆ ಅಂಟಿಸಲು ಹೇಳಿ. ಮನೆಯಲ್ಲಿ ಬಟ್ಟೆ ಒಗೆಯುವವರನ್ನೂ ಅದನ್ನು ತೊಡುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೇ ಮೊದಲು ಮಾತಾಡಲು ಬಿಡಿ.